ಬಾಲು ಕರಡಿ ಮುದ್ದು, ಬೆಟ್ಟದ ಕರಡಿ ಮುದ್ದಲ್ಲ: ಕಾರ್ಟೂನ್ ಪಾತ್ರಗಳು ಮನಸ್ಸು ಕದಿಯುವುದು ಹೇಗೆ?

ತೋವಿನಕೆರೆ ಸುತ್ತಿನ ಮಕ್ಕಳಿಗೆ ಕರಡಿ ಎಂದರೆ ಎರಡು. ಒಂದು ಮೊಬೈಲಿನೊಳಗಿನ ಕರಡಿ. ಅದು ಹೊಟ್ಟೆ ಕುಣಿಸುತ್ತಾ ಹಾಡುತ್ತದೆ, ಮೌಗ್ಲಿಯನ್ನು ಹೆಗಲ ಮೇಲೆ ಕೂರಿಸಿಕೊಳ್ಳುತ್ತದೆ. ಇನ್ನೊಂದು ಬೆಟ್ಟದ ಕರಡಿ. ಕೊರಟಗೆರೆ, ಮಧುಗಿರಿ, ಪಾವಗಡ, ಸಿರಾ ತಾಲ್ಲೂಕುಗಳ ಬಂಡೆಗುಡ್ಡಗಳಲ್ಲಿ ವಾಸಿಸುವ ಇದು ಮುಂಜಾನೆ ಹೊಲದ ಕಡೆ ಹೋದವರ ಮೇಲೆ ಎರಗಿದ ಸುದ್ದಿಯನ್ನು ಆಗಾಗ ಪತ್ರಿಕೆಯಲ್ಲಿ ಓದುತ್ತೇವೆ.

ವಿಚಿತ್ರವೆಂದರೆ, ಇವೆರಡೂ ಒಂದೇ ಪ್ರಾಣಿ. 'ಜಂಗಲ್ ಬುಕ್' ಕಥೆ ನಡೆಯುವುದು ಮಧ್ಯ ಭಾರತದ ಸಿಯೋನಿ ಕಾಡಿನಲ್ಲಿ. ಅಲ್ಲಿರುವ ಕರಡಿ ನಮ್ಮ ಬೆಟ್ಟದ ಜಾತಿಯದೇ. ಹಾಗಾದರೆ ಒಂದನ್ನು ಕಂಡರೆ ಅಪ್ಪಿಕೊಳ್ಳಬೇಕು ಎನಿಸುವುದು, ಇನ್ನೊಂದರ ಹೆಸರು ಕೇಳಿದರೆ ಟಾರ್ಚ್ ಹುಡುಕುವುದು ಯಾಕೆ? ಚಿತ್ರಗಾರ ಅಲ್ಲಿ ಏನು ಬದಲಿಸಿದ? ಅದನ್ನು ತಿಳಿದರೆ ಕಾರ್ಟೂನ್ ಯಾಕೆ ಇಷ್ಟವಾಗುತ್ತದೆ ಎಂಬುದರ ಜೊತೆಗೆ, 'ಮುದ್ದು ಕರಡಿ ಮರಿ' ಎಂಬ ವಿಡಿಯೊಗಳನ್ನು ನಾವು ಯೋಚಿಸದೆ ಯಾಕೆ ಫಾರ್ವರ್ಡ್ ಮಾಡುತ್ತೇವೆ ಎಂಬುದೂ ಗೊತ್ತಾಗುತ್ತದೆ.

ಒಂದೇ ಮಾತಿನಲ್ಲಿ ಉತ್ತರ

ಅನಿಮೇಷನ್ ಪಾತ್ರ ನಮಗೆ ಹತ್ತಿರವಾಗುವುದು ಅದು ನಿಜದ ಹಾಗೆ ಕಾಣುತ್ತದೆ ಎಂಬ ಕಾರಣಕ್ಕಲ್ಲ. ಅದಕ್ಕೊಂದು ಮನಸ್ಸಿದೆ ಎಂದು ನಮ್ಮ ಮಿದುಳು ತಾನಾಗಿಯೇ ನಂಬಿಬಿಡುತ್ತದೆ. ಮುಖದ ಆಕಾರ, ಚಲನೆ, ಮತ್ತು ಪಾತ್ರಕ್ಕೆ ಏನು ಬೇಕು ಎಂಬ ಆಸೆ, ಈ ಮೂರು ಆ ನಂಬಿಕೆಗೆ ಬಾಗಿಲು ತೆರೆಯುತ್ತವೆ.

ಮೊದಲ ಬಾಗಿಲು: ಮಗುವಿನ ಮುಖ

ದೊಡ್ಡ ತಲೆ, ಉಬ್ಬಿದ ಹಣೆ, ದೊಡ್ಡ ಕಣ್ಣು, ಗುಂಡು ಕೆನ್ನೆ, ಪುಟ್ಟ ಮೂಗು, ಗಿಡ್ಡ ಕೈಕಾಲು. ಇವು ಶಿಶುವಿನ ಲಕ್ಷಣಗಳು. ಇವನ್ನು ಕಂಡ ಕೂಡಲೇ ದೊಡ್ಡವರಲ್ಲಿ 'ಇದನ್ನು ನೋಡಿಕೊಳ್ಳಬೇಕು' ಎಂಬ ಭಾವ ಹುಟ್ಟುತ್ತದೆ ಎಂದು ಆಸ್ಟ್ರಿಯಾದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆಂಜ್ 1943ರಲ್ಲಿ ಬರೆದರು. ಮನುಷ್ಯನ ಮಗು ಹುಟ್ಟಿದಾಗ ತನ್ನ ಪಾಡಿಗೆ ತಾನು ಏನನ್ನೂ ಮಾಡಿಕೊಳ್ಳಲಾರದು. ಅದನ್ನು ನೋಡಿ ಕರಗದ ಹಿರಿಯರಿದ್ದರೆ ಅದು ಬದುಕುವುದು ಕಷ್ಟ. ಹಾಗಾಗಿ ಈ ಕರಗುವ ಗುಣ ನಮ್ಮಲ್ಲಿ ಬಲವಾಗಿ ಬೇರೂರಿದೆ.

2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶಿಶುಗಳ ಫೋಟೊಗಳನ್ನು ತಿದ್ದಿ, ಈ ಲಕ್ಷಣಗಳನ್ನು ಕೆಲವದರಲ್ಲಿ ಹೆಚ್ಚಿಸಿ, ಕೆಲವದರಲ್ಲಿ ತಗ್ಗಿಸಿ ಇನ್ನೂ ಹೆರದ ಮಹಿಳೆಯರಿಗೆ ತೋರಿಸಲಾಯಿತು. ಲಕ್ಷಣಗಳು ಹೆಚ್ಚಿದಷ್ಟೂ ಮಿದುಳಿನಲ್ಲಿ ಬಹುಮಾನ ಸಿಕ್ಕಾಗ ಚುರುಕಾಗುವ ಭಾಗ ಹೆಚ್ಚು ಕೆಲಸ ಮಾಡಿತು. 'ಅಯ್ಯೋ, ಎಷ್ಟು ಮುದ್ದಾಗಿದೆ' ಎನ್ನುವಾಗ ಸಿಗುವ ಖುಷಿಯ ಬೇರು ಅಲ್ಲಿದೆ.

ಈ ಅಚ್ಚು ಮನುಷ್ಯರ ಮಗುವಿಗಷ್ಟೇ ಸೀಮಿತವಲ್ಲ. ಕರು, ನಾಯಿಮರಿ, ಕೋಳಿಮರಿ, ಕೊನೆಗೆ ಎರಡು ಗುಂಡು ದೀಪವಿರುವ ಹಳೇ ಕಾರಿನ ಮುಂಭಾಗವನ್ನು ಕಂಡರೂ ಅದು ಕೆಲಸ ಮಾಡುತ್ತದೆ. ಕಾರ್ಟೂನ್ ಬರೆಯುವವರಿಗೆ ಇದು ದೊಡ್ಡ ವರ. ಮಿಕ್ಕಿ ಮೌಸ್ ನೋಡಿ. 1928ರಲ್ಲಿ ಬಂದ ಮಿಕ್ಕಿ ಚೂಪು ಮೂತಿಯ, ಸಣಕಲು ಕಾಲಿನ, ತುಂಟತನ ಜಾಸ್ತಿಯಿದ್ದ ಇಲಿ. ಅವನ ಸ್ವಭಾವ ಸೌಮ್ಯವಾಗುತ್ತಾ ಹೋದಂತೆ ಆಕಾರವೂ ಬದಲಾಯಿತು. ಜೀವವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ 1979ರ ಲೇಖನವೊಂದರಲ್ಲಿ ಇದನ್ನು ಅಳತೆ ಮಾಡಿಯೇ ತೋರಿಸಿದರು: ತಲೆಯ ಉದ್ದದ 27%ರಷ್ಟಿದ್ದ ಕಣ್ಣು ಕ್ರಮೇಣ 42%ಕ್ಕೆ ಬೆಳೆದಿತ್ತು. ವರ್ಷ ಕಳೆದಂತೆ ಮಿಕ್ಕಿಗೆ ವಯಸ್ಸಾಗಲಿಲ್ಲ, ಅವನು ಇನ್ನಷ್ಟು ಮಗುವಾದ.

ಜಿಂಕೆಗೆ ಮಗುವಿನ ಮುಖ ಹಚ್ಚಿದ ಕಥೆ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಬಯಲಿನಲ್ಲಿ ಕೃಷ್ಣಮೃಗಗಳನ್ನು ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅವು ಓಡುವುದು, ಚಿಮ್ಮುವುದು ಕಣ್ಣಿಗೆ ಹಬ್ಬ. ಆದರೆ ಮುಖ ನೋಡಿ ಅದಕ್ಕೆ ಸಂತೋಷವೋ ದುಃಖವೋ ಹೇಳಲಾಗದು. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ, ಮೂತಿ ಉದ್ದ, ಹುಬ್ಬಿಲ್ಲ.

ಜಿಂಕೆ ಮರಿಯ ಕಥೆಯಾದ 'ಬ್ಯಾಂಬಿ' (1942) ಮಾಡುವಾಗ ಡಿಸ್ನಿ ಕಲಾವಿದರಿಗೂ ಇದೇ ತೊಡಕು ಎದುರಾಯಿತು. ಅವರು ಸ್ಟುಡಿಯೊಗೆ ಜೀವಂತ ಜಿಂಕೆ ಮರಿಗಳನ್ನೇ ತರಿಸಿ, ಮೂಳೆ, ಸ್ನಾಯು, ನಡಿಗೆಯನ್ನೆಲ್ಲ ಅಭ್ಯಾಸ ಮಾಡಿದರು. ಮೈಯೇನೋ ಸರಿಯಾಗಿ ಬಂತು, ಆದರೆ ಮುಖದಲ್ಲಿ ಭಾವ ತರುವುದು ಹೇಗೆ? ಕಲಾವಿದ ಮಾರ್ಕ್ ಡೇವಿಸ್ ಮನುಷ್ಯ ಶಿಶುಗಳ ಮುಖಭಾವಗಳನ್ನು ಅಭ್ಯಾಸ ಮಾಡಿ, ಅವನ್ನು ಜಿಂಕೆ ಮುಖಕ್ಕೆ ಹೊಂದಿಸಿದರು. ಅಂದರೆ ಬ್ಯಾಂಬಿಯ ಮೈ ಜಿಂಕೆಯದು, ಭಾವ ಮಗುವಿನದು. ತಾಯಿ ಸತ್ತ ಮೇಲೆ ಅದು ಹಿಮದಲ್ಲಿ ಹುಡುಕಾಡುವಾಗ ಪ್ರೇಕ್ಷಕರು ಕಣ್ಣೊರೆಸಿಕೊಂಡದ್ದು ತಬ್ಬಲಿ ಮಗುವೊಂದಕ್ಕಾಗಿ.

ಕಣ್ಣಿನ ವಿಚಾರದಲ್ಲಿ ಇನ್ನೊಂದು ಉಪಾಯವಿದೆ. ನಾವು ಎತ್ತ ನೋಡುತ್ತಿದ್ದೇವೆ ಎಂಬುದು ಕಣ್ಣಿನ ಬಿಳಿ ಭಾಗದಿಂದ ಎದುರಿನವರಿಗೆ ತಿಳಿಯುತ್ತದೆ. ಹೆಚ್ಚಿನ ಪ್ರಾಣಿಗಳಲ್ಲಿ ಆ ಬಿಳಿ ಅಷ್ಟಾಗಿ ಕಾಣುವುದಿಲ್ಲ. ಕಾರ್ಟೂನಿನಲ್ಲಿ ಮಾತ್ರ ಇಲಿ, ಆನೆ, ಕರಡಿ ಎಲ್ಲಕ್ಕೂ ಬಿಳಿ ಕಣ್ಣುಗುಡ್ಡೆ, ಮೇಲೊಂದು ಕುಣಿಯುವ ಹುಬ್ಬು. ಅದರಿಂದಲೇ ಅದರ ಮನಸ್ಸನ್ನು ಓದಬಹುದು ಎಂದು ನಮಗೆ ಅನಿಸುವುದು.

ಎರಡನೇ ಬಾಗಿಲು: ಚಲನೆ

ಮುಖವೇ ಇಲ್ಲದಿದ್ದರೂ ಪಾತ್ರ ಹುಟ್ಟಬಲ್ಲದು. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪುಟ್ಟ ಚಿತ್ರ ಮಾಡಿದರು. ಅದರಲ್ಲಿದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ವೃತ್ತ ಮತ್ತು ಬಾಗಿಲಿರುವ ಒಂದು ಚೌಕ, ಅಷ್ಟೇ. ಅವು ಅತ್ತಿತ್ತ ಓಡಾಡುತ್ತವೆ. 'ಏನು ಕಂಡಿರಿ, ಬರೆಯಿರಿ' ಎಂದಾಗ ಮೊದಲ ಗುಂಪಿನ 34 ಮಂದಿಯಲ್ಲಿ ಒಬ್ಬರು ಮಾತ್ರ 'ಆಕಾರಗಳು ಚಲಿಸಿದವು' ಎಂದು ಬರೆದರು. ಉಳಿದವರಿಗೆ ಕಂಡದ್ದು ಕಥೆ: ದೊಡ್ಡವನು ಪುಂಡ, ಚಿಕ್ಕವನು ಧೈರ್ಯವಂತ, ವೃತ್ತ ಹೆದರಿ ಬಚ್ಚಿಟ್ಟುಕೊಂಡಿತು ಎಂದು ಇತ್ಯಾದಿ.

ಕಣ್ಣು, ಬಾಯಿ ಇಲ್ಲದ ಗೆರೆಗಳಿಗೂ ನಾವು ಮನಸ್ಸು ಕೊಡುತ್ತೇವೆ. ಪೊದೆ ಅಲ್ಲಾಡಿದರೆ 'ಗಾಳಿ' ಎನ್ನುವ ಮೊದಲು 'ಯಾರೋ ಇದ್ದಾರೆ' ಎಂದುಕೊಳ್ಳುವುದು ಕೂಡ ಇದೇ ಬುದ್ಧಿ.

1986ರಲ್ಲಿ ಪಿಕ್ಸಾರ್‌ನ ಜಾನ್ ಲ್ಯಾಸೆಟರ್ ಮಾಡಿದ ಎರಡು ನಿಮಿಷದ 'ಲಕ್ಸೋ ಜೂನಿಯರ್' ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಪಾತ್ರಗಳು ಎರಡು ಟೇಬಲ್ ಲ್ಯಾಂಪುಗಳು. ಮಾತಿಲ್ಲ, ಮುಖವಿಲ್ಲ. ಆದರೂ ದೊಡ್ಡದು ಅಪ್ಪನೋ ಅಮ್ಮನೋ, ಚಿಕ್ಕದು ತುಂಟ ಮಗು ಎಂದು ಯಾರೂ ಹೇಳಿಕೊಡಬೇಕಿಲ್ಲ. ಚೆಂಡು ಒಡೆದುಹೋದಾಗ ಚಿಕ್ಕ ದೀಪ ತಲೆ ತಗ್ಗಿಸಿ ಹೋಗುವ ರೀತಿಯೊಂದೇ ಸಾಕು.

ಇದರ ಹಿಂದಿನ ಪಟ್ಟುಗಳನ್ನು ಡಿಸ್ನಿಯ ಹಿರಿಯ ಕಲಾವಿದರಾದ ಫ್ರ್ಯಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರ ತಮ್ಮ ಪುಸ್ತಕದಲ್ಲಿ 12 ಸೂತ್ರಗಳಾಗಿ ಬರೆದಿಟ್ಟಿದ್ದಾರೆ. ನೆಗೆಯುವ ಮೊದಲು ಮೈ ಕುಗ್ಗಬೇಕು, ನೆಗೆದಾಗ ಹಿಗ್ಗಬೇಕು. ಕೈ ಎತ್ತುವ ಮುಂಚೆ ಎತ್ತುತ್ತೇನೆ ಎಂಬ ಸೂಚನೆ ಇರಬೇಕು. ಭಾರದ ವಸ್ತು ನಿಧಾನ, ಹಗುರದ್ದು ಬೇಗ. ಇಂಥವು ಸರಿಯಿದ್ದರೆ ಪಾತ್ರ 'ಯೋಚಿಸಿ ಮಾಡಿತು' ಎನಿಸುತ್ತದೆ. ತಪ್ಪಿದರೆ ದಾರ ಕಟ್ಟಿ ಎಳೆದಂತೆ ಕಾಣುತ್ತದೆ.

ಮೂರನೇ ಬಾಗಿಲು: ಅದಕ್ಕೇನು ಬೇಕು?

ಮುದ್ದು ಮುಖ ನೋಡಿ ಮನಸ್ಸು ಕರಗುವುದು ಒಂದು ಕ್ಷಣ. ಕಣ್ಣೀರು ಬರಬೇಕಾದರೆ ಕಥೆ ಬೇಕು. ಇದನ್ನು ಕನ್ನಡಿಗರಿಗೆ ವಿವರಿಸಲು ವಿದೇಶದ ಉದಾಹರಣೆಯ ಅಗತ್ಯವಿಲ್ಲ. ಪುಣ್ಯಕೋಟಿ ಇದ್ದಾಳೆ.

ಹುಲಿಯ ಬಾಯಿಗೆ ಸಿಕ್ಕ ಹಸು, ಕರುವಿಗೆ ಒಮ್ಮೆ ಹಾಲೂಡಿಸಿ ಬರುತ್ತೇನೆಂದು ಮಾತು ಕೊಡುತ್ತದೆ, ಕೊಟ್ಟ ಮಾತಿನಂತೆ ಮರಳುತ್ತದೆ. ಈ ಕಥೆಯಲ್ಲಿ ಹಸುವಿಗೆ ಸ್ಪಷ್ಟವಾದ ಆಸೆಯಿದೆ: ಕರುವಿಗೆ ಹಾಲು. ಅಡ್ಡಿಯಿದೆ: ಹುಲಿ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ನಿರ್ಧಾರವಿದೆ: ಮನೆಯಲ್ಲೇ ಉಳಿಯಬಹುದಿತ್ತು, ಆದರೂ ಹೊರಟಿತು. ಆ ನಿರ್ಧಾರದ ಕ್ಷಣದಲ್ಲಿ ನಾವು ಹಸುವನ್ನು ನೋಡುತ್ತಿರುವುದಿಲ್ಲ, 'ನಾನಾಗಿದ್ದರೆ?' ಎಂದು ಕೇಳಿಕೊಳ್ಳುತ್ತಿರುತ್ತೇವೆ. ಕೊನೆಯಲ್ಲಿ ಹುಲಿಯ ಮನಸ್ಸೂ ಬದಲಾಗುವುದರಿಂದ ಅದಕ್ಕಾಗಿಯೂ ಮರುಗುತ್ತೇವೆ.

ಈ ಹಾಡು ಕೇಳಿ ತಲೆಮಾರುಗಳೇ ಅತ್ತಿವೆ, ಆಗ ಯಾವ ಚಿತ್ರವೂ ಕಣ್ಣ ಮುಂದೆ ಇರಲಿಲ್ಲ. 2020ರಲ್ಲಿ ವಿ. ರವಿಶಂಕರ್ ನಿರ್ದೇಶನದಲ್ಲಿ ಇದೇ ಕಥೆ 'ಪುಣ್ಯಕೋಟಿ' ಎಂಬ ಸಂಸ್ಕೃತ ಅನಿಮೇಷನ್ ಚಿತ್ರವಾಯಿತು, ಇಳಯರಾಜ ಸಂಗೀತ ಕೊಟ್ಟರು. ಸಂಸ್ಕೃತ ಬಾರದವರೂ ಕಥೆಯ ಜೊತೆ ಸಾಗಬಹುದು, ಯಾಕೆಂದರೆ ತಾಯಿಗೆ ಏನು ಬೇಕು ಎಂಬುದಕ್ಕೆ ಭಾಷೆ ಬೇಕಿಲ್ಲ.

ಮುದ್ದಾಗಿರಲೇಬೇಕೇ? ಕಿಳ್ಳೇಕ್ಯಾತನನ್ನು ಕೇಳಿ

ಸಿನಿಮಾ ಬರುವ ಎಷ್ಟೋ ಮೊದಲೇ ನಮ್ಮಲ್ಲಿ ಬೆಳಕು, ಪರದೆ, ಚಲಿಸುವ ಚಿತ್ರ ಮೂರೂ ಇದ್ದವು. ಅದೇ ತೊಗಲು ಗೊಂಬೆಯಾಟ. ಹದ ಮಾಡಿದ ಚರ್ಮದ ಮೇಲೆ ಬಣ್ಣದ ಚಿತ್ರ, ಹಿಂದೆ ದೀಪ, ಮುಂದೆ ಬಿಳಿ ಬಟ್ಟೆ. ರಾಜರು, ದೇವರುಗಳ ಗೊಂಬೆ ದೊಡ್ಡದು, ಆಳುಕಾಳುಗಳದ್ದು ಚಿಕ್ಕದು. ಈ ಕಲೆಯನ್ನು ಜೀವನವಿಡೀ ಕಾಪಾಡಿದ ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು.

ಈ ಆಟದಲ್ಲಿ ರಾಮ, ಅರ್ಜುನರಿಗೆ ಜನ ಕೈ ಮುಗಿಯುತ್ತಾರೆ. ನಕ್ಕು ನಕ್ಕು ತಮ್ಮವನೆಂದುಕೊಳ್ಳುವುದು ಮಾತ್ರ ಕಿಳ್ಳೇಕ್ಯಾತನನ್ನು. ಕಪ್ಪು ಮೈ, ಡೊಳ್ಳು ಹೊಟ್ಟೆ, ಕೆದರಿದ ಕೂದಲು, ನಾಲಿಗೆಗೆ ಲಗಾಮಿಲ್ಲ. ಜೊತೆಗೆ ಜಗಳಕ್ಕೆ ಬಂಗಾರಕ್ಕ. ಮುದ್ದಿನ ಅಚ್ಚು ಇಲ್ಲಿ ಎಲ್ಲೂ ಇಲ್ಲ. ಆದರೆ ಅವನಿಗೆ ಹಸಿವಾಗುತ್ತದೆ, ಹೆಂಡತಿಯ ಹತ್ತಿರ ಬೈಸಿಕೊಳ್ಳುತ್ತಾನೆ, ದೊಡ್ಡವರ ಮುಂದೆ ಎಡವಟ್ಟು ಮಾಡಿಕೊಳ್ಳುತ್ತಾನೆ. ಅಂದರೆ ಅವನು ನಮ್ಮ ಹಾಗೆಯೇ ಇದ್ದಾನೆ.

ಆಕರ್ಷಣೆ ಬೇರೆ, ಚೆಂದ ಬೇರೆ. ಥಾಮಸ್ ಮತ್ತು ಜಾನ್‌ಸ್ಟನ್ ತಮ್ಮ 12 ಸೂತ್ರಗಳಲ್ಲಿ ಆಕರ್ಷಣೆಯನ್ನೂ ಒಂದಾಗಿ ಸೇರಿಸಿ, ಖಳನಾಯಕನಿಗೂ ಅದು ಬೇಕು ಎಂದರು. ಕೊರತೆಯೇ ಇಲ್ಲದ ಪಾತ್ರವನ್ನು ಮೆಚ್ಚಬಹುದು, ಅದರ ಜೊತೆ ಒಡನಾಡುವುದು ಕಷ್ಟ.

ಜನ ನಂಬಿರುವುದು: 'ನಿಜದಂತೆ ಕಂಡಷ್ಟೂ ಹೆಚ್ಚು ಇಷ್ಟವಾಗುತ್ತದೆ'

ಇದು ಪೂರ್ತಿ ಸರಿಯಲ್ಲ. ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಒಂದು ವಿಷಯ ಗಮನಿಸಿದರು. ಗೊಂಬೆಯೋ ಯಂತ್ರವೋ ಮನುಷ್ಯನಂತೆ ಕಾಣುತ್ತಾ ಹೋದಂತೆ ನಮಗೆ ಇಷ್ಟವಾಗುತ್ತಾ ಹೋಗುತ್ತದೆ. ಆದರೆ ಮನುಷ್ಯನೇ ಎನ್ನುವಷ್ಟು ಹತ್ತಿರ ಬಂದು, ಇನ್ನೂ ಸ್ವಲ್ಪ ಕೊರತೆ ಉಳಿದಾಗ ಇದ್ದಕ್ಕಿದ್ದಂತೆ ಹೆಣ ನೋಡಿದಂಥ ಮುಜುಗರವಾಗುತ್ತದೆ. ಇದು ಎಲ್ಲ ಸಂದರ್ಭದಲ್ಲೂ ಒಂದೇ ರೀತಿ ನಡೆಯುತ್ತದೆಯೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಇದೆ. ಚಿತ್ರರಂಗದಲ್ಲಿ ಮಾತ್ರ ಉದಾಹರಣೆಗಳಿವೆ.

2004ರ 'ಪೋಲಾರ್ ಎಕ್ಸ್‌ಪ್ರೆಸ್' ಚಿತ್ರದಲ್ಲಿ ನಟರ ಚಲನೆಯನ್ನೇ ಕಂಪ್ಯೂಟರಿಗೆ ಇಳಿಸಿ ಪಾತ್ರ ಮಾಡಿದರೂ ಕಣ್ಣುಗಳು ನಿರ್ಜೀವ ಎಂದು ಹಲವು ವಿಮರ್ಶಕರು ದೂರಿದರು. 2019ರ ಏಪ್ರಿಲ್‌ನಲ್ಲಿ 'ಸೋನಿಕ್' ಚಿತ್ರದ ಟ್ರೇಲರ್ ಬಂದಾಗ, ನೀಲಿ ಮುಳ್ಳುಹಂದಿಗೆ ಮನುಷ್ಯರ ಹಲ್ಲು, ಸಣ್ಣ ಕಣ್ಣು ಕಂಡು ಜನ ಬೆಚ್ಚಿಬಿದ್ದರು. ಚಿತ್ರತಂಡ ಪಾತ್ರವನ್ನೇ ಹೊಸದಾಗಿ ಬರೆದು, ಕಣ್ಣು ದೊಡ್ಡದು ಮಾಡಿ, 2020ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿತು. ಆಗ ಜನ ಒಪ್ಪಿದರು.

ಸರಳ ಗೆರೆಯ ಚಿತ್ರದಲ್ಲಿ ಬಿಟ್ಟ ಜಾಗವನ್ನು ನಮ್ಮ ಕಲ್ಪನೆ ತುಂಬುತ್ತದೆ. ಎಲ್ಲವನ್ನೂ ತುಂಬಿಕೊಟ್ಟಾಗ ನಮಗೆ ಉಳಿಯುವ ಕೆಲಸ ತಪ್ಪು ಹುಡುಕುವುದು ಮಾತ್ರ.

ಈಗ ಬೆಟ್ಟದ ಕರಡಿಗೆ ಬರೋಣ

1967ರ ಡಿಸ್ನಿ ಚಿತ್ರದ ಬಾಲು ಬೂದು ಬಣ್ಣದ, ಗುಂಡು ಹೊಟ್ಟೆಯ, ಬಿಳಿ ಕಣ್ಣಿನ ಸೋಮಾರಿ ಮಾವ. ನಿಜದ ಕರಡಿಯ ವಿವರ ಬೇರೆ:

• ಜೂಲುಗೂದಲಿನ ಕಪ್ಪು ಮೈ, ಎದೆಯ ಮೇಲೆ ಬಿಳಿಚು ಪಟ್ಟೆ, ಪುಟ್ಟ ಕಪ್ಪು ಕಣ್ಣು, ಉದ್ದ ಮೂತಿ. ಗಂಡು 100 ಕೆ.ಜಿ.ಗೂ ಹೆಚ್ಚು ತೂಗಬಹುದು.
• ಮುಖ್ಯ ಆಹಾರ ಗೆದ್ದಲು, ಇರುವೆ, ಹಣ್ಣು, ಜೇನು. ಮೇಲಿನ ಎರಡು ಮುಂಭಾಗದ ಹಲ್ಲು ಇರುವುದಿಲ್ಲ. ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ.
• ಹುತ್ತ ಬಗೆಯಲು ಇರುವ ಮುಂಗಾಲಿನ ಉಗುರು 10 ಸೆಂ.ಮೀ. ವರೆಗೂ ಬೆಳೆಯಬಲ್ಲದು. ಅದೇ ಉಗುರು ಮನುಷ್ಯನ ಮುಖಕ್ಕೆ ಬಿದ್ದರೆ ಆಗುವ ಗಾಯ ಭೀಕರ.
• ದೃಷ್ಟಿ ಮಂದ. ಹುತ್ತ ಬಗೆಯುವುದರಲ್ಲಿ ಮುಳುಗಿದ್ದಾಗ ನೀವು ಹತ್ತಿರ ಬಂದದ್ದು ಗೊತ್ತಾಗದೆ, ತೀರಾ ಸಮೀಪದಲ್ಲಿ ಬೆಚ್ಚಿ ಎರಗುತ್ತದೆ. ಅದು ಸಿಟ್ಟೂ ಅಲ್ಲ, ದ್ವೇಷವೂ ಅಲ್ಲ, ಪ್ರಾಣಭಯ.
• ತಾಯಿ ತನ್ನ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಒಂಟಿ ಮರಿ ಕಂಡಿತೆಂದರೆ ತಾಯಿ ಹತ್ತಿರದಲ್ಲೇ ಇದೆ ಎಂದು ತಿಳಿಯಿರಿ.

ಅಪಾಯ ಇರುವುದು ಈ ಕೊನೆಯ ಅಂಶದಲ್ಲಿ. ಕರಡಿ ಮರಿಯ ಗುಂಡು ತಲೆ, ಗಿಡ್ಡ ಕಾಲು ಲೊರೆಂಜ್ ಹೇಳಿದ ಅಚ್ಚಿಗೆ ಸರಿಹೊಂದುತ್ತವೆ. 'ಅಯ್ಯೋ ಪಾಪ' ಎಂದು ಕೈ ತಾನಾಗಿ ಮುಂದೆ ಹೋಗುತ್ತದೆ. ಬೆಟ್ಟದಲ್ಲಿ ಆ ಕೈಯನ್ನು ಹಿಡಿದು ನಿಲ್ಲಿಸುವ ಕೆಲಸವನ್ನು ತಿಳಿವಳಿಕೆಯೇ ಮಾಡಬೇಕು.

ಪ್ರಾಣಿಯ ನಡೆಯನ್ನು ಮನುಷ್ಯರ ಭಾವವೆಂದು ಓದಿಕೊಂಡದ್ದಕ್ಕೆ ಕರಡಿ ಜಾತಿ ದೊಡ್ಡ ಬೆಲೆ ತೆತ್ತಿದೆ. ಹಿಂದೆ ಊರೂರಿಗೆ ಕರಡಿ ಆಡಿಸುವವರು ಬರುತ್ತಿದ್ದುದು ಹಿರಿಯರಿಗೆ ನೆನಪಿರುತ್ತದೆ. ಮೂತಿಗೆ ತೂತು ಕೊರೆದು ಹಾಕಿದ ಹಗ್ಗ ಎಳೆದಾಗ ಅದು ನೋವಿಗೆ ಎದ್ದು ನಿಲ್ಲುತ್ತಿತ್ತು, ನೋಡುವವರು ಕುಣಿಯುತ್ತಿದೆ ಎಂದುಕೊಳ್ಳುತ್ತಿದ್ದರು. ಹಾಗೆ ಬಿಡಿಸಿ ತಂದ ಹಲವು ಕರಡಿಗಳಿಗೆ ಬನ್ನೇರುಘಟ್ಟದ ರಕ್ಷಣಾ ಕೇಂದ್ರ ಆಶ್ರಯ ಕೊಟ್ಟಿತು.

ಬೆಟ್ಟದ ಬುಡದ ಊರಿನವರು ನೆನಪಿಡಬೇಕಾದದ್ದು

ಮುಂಜಾನೆ, ಮುಸ್ಸಂಜೆ ಒಂಟಿಯಾಗಿ ಗುಡ್ಡದ ಕಡೆ ಹೋಗಬೇಡಿ. ಹೋಗಲೇಬೇಕಾದರೆ ಜೊತೆಯಾಗಿ, ಮಾತಾಡುತ್ತಾ, ಟಾರ್ಚ್ ಹಿಡಿದು ಹೋಗಿ, ಸದ್ದು ಕೇಳಿದರೆ ಕರಡಿಯೇ ದೂರ ಸರಿಯುವ ಸಾಧ್ಯತೆ ಹೆಚ್ಚು. ದೂರದಲ್ಲಿ ಕಂಡರೆ ಓಡದೆ ನಿಧಾನವಾಗಿ ಹಿಂದೆ ಸರಿಯಿರಿ. ಮೇಲೆ ಬಿದ್ದರೆ ಮುಖ ನೆಲಕ್ಕೆ ಮಾಡಿ ಮಲಗಿ, ಎರಡೂ ಕೈಗಳಿಂದ ಕುತ್ತಿಗೆಯ ಹಿಂಭಾಗ ಮುಚ್ಚಿಕೊಳ್ಳಿ. ಮರಿ ಕಂಡರೆ ಫೋಟೊಗೆ ನಿಲ್ಲದೆ, ಜನ ಸೇರಿಸದೆ, ಹತ್ತಿರದ ಅರಣ್ಯ ಇಲಾಖೆಗೆ ಅಥವಾ 112ಕ್ಕೆ ತಿಳಿಸಿ.

ಫಾರ್ವರ್ಡ್ ಒತ್ತುವ ಮುಂಚೆ

ಈಗ ಎಐ ಬಳಸಿ ಯಾರು ಬೇಕಾದರೂ ನಿಮಿಷದಲ್ಲಿ ವಿಡಿಯೊ ಮಾಡಬಹುದು: ಕರಡಿ ಮರಿ ಮಗುವನ್ನು ಅಪ್ಪಿಕೊಂಡಿತು, ಹುಲಿ ಅಜ್ಜಿಯ ಮಡಿಲಲ್ಲಿ ಮಲಗಿತು, ಬೆಕ್ಕಿನ ಮರಿ ಕಣ್ಣೀರಿಟ್ಟಿತು. ಇವುಗಳಲ್ಲಿ ಬಳಸುವುದೂ ಅದೇ ಮೂರು ಬಾಗಿಲು: ದೊಡ್ಡ ಕಣ್ಣು, ಮನುಷ್ಯರಂಥ ಚಲನೆ, ಮನ ಕಲಕುವ ಪುಟ್ಟ ಕಥೆ. ಕಾರ್ಟೂನ್ ತಾನು ಕಾರ್ಟೂನ್ ಎಂದು ಹೇಳಿಯೇ ನಮ್ಮನ್ನು ಅಳಿಸುತ್ತದೆ. ಇವು 'ನಿಜ ಘಟನೆ' ಎಂದು ಹೇಳಿಕೊಂಡು ಬರುತ್ತವೆ. ವ್ಯತ್ಯಾಸ ಅಷ್ಟೇ, ಆದರೆ ಅದೇ ದೊಡ್ಡದು.

ಇಂಥದ್ದು ಬಂದಾಗ ಮೂರು ಪ್ರಶ್ನೆ ಕೇಳಿ. ಇದು ಯಾವ ಊರು, ಯಾವ ದಿನ, ಚಿತ್ರೀಕರಿಸಿದವರು ಯಾರು? ಪ್ರಾಣಿ ತನ್ನ ಜಾತಿಯಂತೆ ನಡೆದುಕೊಳ್ಳುತ್ತಿದೆಯೇ, ಮನುಷ್ಯರಂತೆಯೇ? ನಂಬಬಹುದಾದ ಸುದ್ದಿ ಮೂಲ ಯಾವುದಾದರೂ ಇದನ್ನು ವರದಿ ಮಾಡಿದೆಯೇ? ಒಂದಕ್ಕೂ ಉತ್ತರ ಸಿಗದಿದ್ದರೆ ನೋಡಿ ಖುಷಿಪಡಿ, ಮುಂದೆ ಕಳಿಸಬೇಡಿ.

ಪದೇ ಪದೇ ಕೇಳುವ ಪ್ರಶ್ನೆಗಳು

*ದೊಡ್ಡವರು ಕಾರ್ಟೂನ್ ನೋಡಿ ಅಳುವುದು ದೌರ್ಬಲ್ಯವೇ?*
ಅಲ್ಲ. ಇದು ಕಟ್ಟುಕಥೆ ಎಂದು ಗೊತ್ತಿದ್ದೂ ಇನ್ನೊಬ್ಬರ ನೋವನ್ನು ಊಹಿಸಿಕೊಳ್ಳಬಲ್ಲ ಶಕ್ತಿ ಅದು. ನಾಟಕ ನೋಡಿ, ಹರಿಕಥೆ ಕೇಳಿ ಕಣ್ಣೊರೆಸಿಕೊಂಡ ಹಿರಿಯರದ್ದೂ ಇದೇ ಶಕ್ತಿ.

*ಮಾತಾಡುವ ಪ್ರಾಣಿಗಳ ಕಥೆಯಿಂದ ಮಕ್ಕಳಿಗೆ ತಪ್ಪು ತಿಳಿವಳಿಕೆ ಬರುತ್ತದೆಯೇ?*
ಸ್ವಲ್ಪ ಬರಬಹುದು. ಚಿಕ್ಕ ಮಕ್ಕಳಿಗೆ ಅಪರಿಚಿತ ಪ್ರಾಣಿಗಳ ಚಿತ್ರಪುಸ್ತಕ ಓದಿ ಹೇಳಿದ 2014ರ ಒಂದು ಅಧ್ಯಯನದಲ್ಲಿ, ಪ್ರಾಣಿಗಳನ್ನು ಮನುಷ್ಯರಂತೆ ತೋರಿಸಿದ ಪುಸ್ತಕಗಳಿಂದ ಮಕ್ಕಳು ನಿಜ ಸಂಗತಿಗಳನ್ನು ಕಡಿಮೆ ಕಲಿತರು. ಮನುಷ್ಯರಂತೆ ಮಾತಾಡಿಸಿದ ಪುಸ್ತಕ ಕೇಳಿದವರು ನಿಜ ಪ್ರಾಣಿಗಳಿಗೂ ಮನುಷ್ಯರ ಗುಣ ಹಚ್ಚಿ ಹೇಳಿದರು.

*ಹಾಗಾದರೆ ಕಾರ್ಟೂನ್ ತೋರಿಸಬಾರದೇ?*
ಧಾರಾಳವಾಗಿ ತೋರಿಸಿ. ಬಾಲು ಸ್ನೇಹ ಕಲಿಸುತ್ತಾನೆ, ಪುಣ್ಯಕೋಟಿ ಮಾತಿನ ಬೆಲೆ ಕಲಿಸುತ್ತಾಳೆ. ಮುಗಿದ ಮೇಲೆ ಒಂದು ಪ್ರಶ್ನೆ ಮಾತ್ರ ಸೇರಿಸಿ: 'ನಮ್ಮ ಬೆಟ್ಟದಲ್ಲಿರೋ ಕರಡಿ ಹೀಗಿರುತ್ತಾ, ಮಗಾ?' ಉಗುರು, ಹುತ್ತ, ಬೆನ್ನ ಮೇಲಿನ ಮರಿ, ಮಂದ ಕಣ್ಣು ಎಲ್ಲವನ್ನೂ ಹೇಳಿ. ಮೊಬೈಲಿನ ಕರಡಿಯನ್ನು ಮಗು ಪ್ರೀತಿಸಲಿ, ಬೆಟ್ಟದ ಕರಡಿಯಿಂದ ದೂರ ನಿಂತು ಅದನ್ನು ಗೌರವಿಸುವುದನ್ನೂ ಕಲಿಯಲಿ.